ಒನಕೆಯಿಂದ ಲಾಠಿಗೆ: ಯುದ್ಧಕಾಲದ ಕಾವಲುಗಾರ್ತಿಯರು

ಭರತ ಹುಣ್ಣಿಮೆ ಬಂತೆಂದರೆ ಉಚ್ಚಂಗಿದುರ್ಗದ ಗುಡ್ಡದ ದಾರಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ದಾವಣಗೆರೆ, ಚಿತ್ರದುರ್ಗ, ಬಳ್ಳಾರಿ, ಹಾವೇರಿ ಕಡೆಗಳಿಂದ ಬಸ್ಸು, ಟ್ರ್ಯಾಕ್ಟರ್, ಗಾಡಿಗಳಲ್ಲಿ ಜನ ಬಂದಿಳಿಯುತ್ತಾರೆ. ಭಂಡಾರ ಹಚ್ಚಿಕೊಂಡು, ಬೇವಿನ ಸೊಪ್ಪು ಹಿಡಿದು, ಉಚ್ಚಂಗೆಮ್ಮನಿಗೆ ಪಡ್ಲಿಗೆ ತುಂಬಿಸಿ ಹರಕೆ ಒಪ್ಪಿಸುತ್ತಾರೆ. ಈ ಗದ್ದಲದ ನಡುವೆ ಖಾಕಿ ತೊಟ್ಟ ಮಹಿಳಾ ಪೊಲೀಸರೂ ಕಾಣುತ್ತಾರೆ. ಕಳ್ಳರನ್ನು ಹಿಡಿಯುವುದು, ತಪ್ಪಿಸಿಕೊಂಡ ಮಕ್ಕಳನ್ನು ತಾಯಂದಿರ ಕೈಗೆ ಒಪ್ಪಿಸುವುದು ಅವರ ಕೆಲಸವೆಂಬುದು ಎಲ್ಲರಿಗೂ ಗೊತ್ತು. ಆದರೆ ಈ ಜಾತ್ರೆಯಲ್ಲಿ ಅವರಿಗೆ ಇನ್ನೂ ಒಂದು ಕಾವಲು ಉಂಟು. ಯಾವುದಾದರೂ ಮೂಲೆಯಲ್ಲಿ, ಯಾವುದಾದರೂ ಮರದಡಿಯಲ್ಲಿ, ಯಾವ ಹುಡುಗಿಗಾದರೂ ಗುಟ್ಟಾಗಿ ಮುತ್ತು ಕಟ್ಟುತ್ತಿದ್ದಾರೆಯೇ ಎಂದು ನೋಡುವ ಕಾವಲು ಅದು.

ಖಾಕಿ ತೊಟ್ಟ ಹೆಣ್ಣು ಇಂದು ಯಾರಿಗೂ ಸೋಜಿಗವಲ್ಲ. ಆದರೆ ನೂರಹತ್ತು ವರ್ಷಗಳ ಹಿಂದೆ, ತನ್ನನ್ನು ಪ್ರಪಂಚದ ಯಜಮಾನ ಎಂದುಕೊಂಡಿದ್ದ ಇಂಗ್ಲೆಂಡಿನಲ್ಲಿಯೂ, ಹೆಣ್ಣು ಪೊಲೀಸು ಎಂದರೆ ನಗೆಪಾಟಲಿನ ಮಾತಾಗಿತ್ತು. ಆ ಬಾಗಿಲನ್ನು ತೆರೆದದ್ದು ಯಾವ ಸಮಾಜ ಸುಧಾರಕನ ಭಾಷಣವೂ ಅಲ್ಲ, ಯುದ್ಧ. ಗಂಡಸರು ರಣರಂಗಕ್ಕೆ ಹೋದಾಗ ಊರು ಕಾಯುವವರು ಬೇಕಾದರು. ಆಗ ಹೆಣ್ಣಿನ ನೆನಪಾಯಿತು.

ಈ ಕಾರಣಕ್ಕೇ ಏನೋ, ಇಂಗ್ಲಿಷಿನ ಪತ್ತೇದಾರಿ ಕಾದಂಬರಿಕಾರರಿಗೆ ಯುದ್ಧಕಾಲದ ಪೊಲೀಸ್ ಹೆಣ್ಣು ಅಚ್ಚುಮೆಚ್ಚಿನ ನಾಯಕಿ. ವಿಮಾನದಾಳಿಯ ಹೆದರಿಕೆಯಿಂದ ದೀಪ ಆರಿಸಿದ ಬೀದಿ, ಬಾಂಬು ಬಿದ್ದು ಕುಸಿದ ಮನೆ, ಅವಶೇಷಗಳ ನಡುವೆ ಸಿಕ್ಕ ಒಂದು ಹೆಣ. ಅದು ಬಾಂಬಿಗೆ ಸತ್ತದ್ದೋ, ಯಾರಾದರೂ ಕೊಂದದ್ದೋ? ಠಾಣೆಯ ಗಂಡಸರು ಕೇಳಲು ಹೋಗದ ಅಡುಗೆಮನೆಗೆ ಹೋಗಿ, ಅವರು ಲಕ್ಷ್ಯ ಕೊಡದ ಮಾತಿಗೆ ಕಿವಿಗೊಟ್ಟು ಆಕೆ ಗುಟ್ಟನ್ನು ಬಿಡಿಸುತ್ತಾಳೆ. ಇಂಥ ಕಾದಂಬರಿಗಳನ್ನು ಓದುವಾಗ ಇದೆಲ್ಲ ಬರೀ ಕಲ್ಪನೆ ಎನ್ನಿಸುವುದು ಸಹಜ. ಆದರೆ ಇದರ ಹಿಂದೆ ನಿಜವಾದ ಹೆಂಗಸರು ಇದ್ದರು. ಅವರ ಕತೆ ಕಾದಂಬರಿಗಿಂತ ಕಹಿ.

ಗ್ರಾಂಥಮ್ ಪಟ್ಟಣದ ಈಡಿತ್ ಸ್ಮಿತ್

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಅದೇ ವರ್ಷ ಲಂಡನ್ನಿನಲ್ಲಿ ಮಾರ್ಗರೆಟ್ ಡೇಮರ್ ಡಾಸನ್ ಮತ್ತು ನೀನಾ ಬಾಯ್ಲ್ ಎಂಬ ಇಬ್ಬರು ಮಹಿಳೆಯರು ಸೇರಿ ಒಂದು ಸ್ವಯಂಸೇವಕ ಮಹಿಳಾ ಪೊಲೀಸ್ ದಳವನ್ನು ಕಟ್ಟಿದರು. ನೀನಾ ಬಾಯ್ಲ್ ಮತದಾನದ ಹಕ್ಕಿಗಾಗಿ ಹೋರಾಡಿ ಜೈಲು ಕಂಡವರು. ನ್ಯಾಯಾಲಯಗಳಲ್ಲಿ, ಠಾಣೆಗಳಲ್ಲಿ ಹೆಂಗಸರಿಗೆ ನ್ಯಾಯ ಸಿಗಬೇಕಾದರೆ ಅಲ್ಲಿ ಹೆಂಗಸರೇ ಇರಬೇಕು ಎಂಬುದು ಅವರ ವಾದ.

ಲಿಂಕನ್‌ಶೈರ್ ಸೀಮೆಯ ಗ್ರಾಂಥಮ್ ಒಂದು ಸಣ್ಣ ಪಟ್ಟಣ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಮಾರ್ಗರೆಟ್ ಥ್ಯಾಚರ್ 1925ರಲ್ಲಿ ಹುಟ್ಟಿದ ಊರು ಎಂದರೆ ಓದುಗರಿಗೆ ಗುರುತು ಸಿಕ್ಕೀತು. ಯುದ್ಧ ಬಂದ ಕೂಡಲೇ ಆ ಊರಿನ ಪಕ್ಕದಲ್ಲಿ ಸಾವಿರಾರು ಸೈನಿಕರ ಶಿಬಿರ ತಲೆಯೆತ್ತಿತು. ಸೈನಿಕರ ಹಿಂದೆ ಹೆಂಡದಂಗಡಿಯ ವ್ಯಾಪಾರ, ಅದರ ಹಿಂದೆ ವೇಶ್ಯಾವಾಟಿಕೆ ಬಂದವು. ಆಗ ಸೇನೆಯ ಅಧಿಕಾರಿ ಹೊರಡಿಸಿದ ಆಜ್ಞೆ ವಿಚಿತ್ರವಾಗಿತ್ತು. ರಾತ್ರಿ 8 ಗಂಟೆಯಿಂದ ಬೆಳಿಗ್ಗೆ 7 ಗಂಟೆಯವರೆಗೆ ಹೆಂಗಸರು ಮನೆಯಿಂದ ಹೊರಗೆ ಬರಕೂಡದು! ತಪ್ಪು ಇಬ್ಬರದಾದರೂ ಬಾಗಿಲು ಹಾಕಿದ್ದು ಒಬ್ಬರಿಗೆ ಮಾತ್ರ.

ಈ ಆಜ್ಞೆಯನ್ನು ಜಾರಿ ಮಾಡಲು ಮಹಿಳಾ ದಳದವರೇ ನೆರವಾದರು. ಮನೆಗಳ ಒಳಗೆ ಹೋಗಿ ಯಾರಿದ್ದಾರೆ, ಯಾರಿಲ್ಲ ಎಂದು ನೋಡುವ ಕೆಲಸ ಅವರ ಪಾಲಿಗೆ ಬಂತು. ನೀನಾ ಬಾಯ್ಲ್ ಸಿಡಿದೆದ್ದರು. ಹೆಂಗಸರನ್ನು ರಕ್ಷಿಸಲು ಕಟ್ಟಿದ ದಳ ಹೆಂಗಸರನ್ನೇ ಕೂಡಿಹಾಕುವ ದಳವಾಗಬಾರದು ಎಂಬುದು ಅವರ ನಿಲುವು. ಡೇಮರ್ ಡಾಸನ್ ಒಪ್ಪಲಿಲ್ಲ. ಹೇಗಾದರೂ ಸರಿ, ಮೊದಲು ಸಮವಸ್ತ್ರಕ್ಕೆ ಮನ್ನಣೆ ಸಿಗಲಿ ಎಂಬುದು ಅವರ ಲೆಕ್ಕಾಚಾರ. 1915ರಲ್ಲಿ ದಳ ಒಡೆದು ಎರಡಾಯಿತು. ಮಹಿಳಾ ಪೊಲೀಸರ ಇತಿಹಾಸದಲ್ಲಿ ಈ ಜಗಳಕ್ಕೆ ಬಹಳ ಮಹತ್ವವಿದೆ. ಇದಕ್ಕೆ ಕೊನೆಯಲ್ಲಿ ಮತ್ತೆ ಬರೋಣ.

ಅದೇ 1915ರಲ್ಲಿ ಗ್ರಾಂಥಮ್ ಪಟ್ಟಣದ ಪೊಲೀಸ್ ಮುಖ್ಯಸ್ಥ ಈಡಿತ್ ಸ್ಮಿತ್ ಎಂಬಾಕೆಯಿಂದ ವಿಧಿವತ್ತಾಗಿ ಪ್ರಮಾಣವಚನ ಮಾಡಿಸಿದ. ಬ್ರಿಟನ್ನಿನಲ್ಲಿ ಬಂಧಿಸುವ ಪೂರ್ಣ ಅಧಿಕಾರ ಪಡೆದ ಮೊದಲ ಮಹಿಳೆ ಆಕೆ. ಗಂಡನನ್ನು ಕಳೆದುಕೊಂಡಿದ್ದ, ನಾಲ್ಕು ಮಕ್ಕಳ ತಾಯಿ. ಅದಕ್ಕೆ ಮುಂಚೆ ದಾದಿಯ ಕೆಲಸ ಮಾಡಿದ್ದವರು. ಲಂಡನ್ನಿನ ಗೃಹ ಇಲಾಖೆ ಮಾತ್ರ ಇದು ಕಾನೂನಿಗೆ ಸಲ್ಲದು ಎಂದಿತು. ಏಕೆಂದರೆ ಆಗಿನ ಕಾನೂನಿನ ಕಣ್ಣಿನಲ್ಲಿ ಆ ಹುದ್ದೆಗೆ ಹೆಣ್ಣು ಯೋಗ್ಯ 'ವ್ಯಕ್ತಿ'ಯೇ ಅಲ್ಲ! ಪಟ್ಟಣದವರು ಆ ಮಾತಿಗೆ ಸೊಪ್ಪು ಹಾಕಲಿಲ್ಲ. ಈಡಿತ್ ಸ್ಮಿತ್ ವಾರದ ಏಳೂ ದಿನ ದುಡಿದರು. ಬೀದಿ ಸುತ್ತಿದರು, ಹುಡುಗಿಯರಿಗೆ ಬುದ್ಧಿ ಹೇಳಿದರು. ದೂರದ ರಣರಂಗದಲ್ಲಿದ್ದ ಸೈನಿಕರ ಹೆಂಡತಿಯರ ನಡತೆಯ ಮೇಲೂ ಕಣ್ಣಿಡಬೇಕಾಯಿತು. 1918ರಲ್ಲಿ ಆರೋಗ್ಯ ಕೆಟ್ಟು ಕೆಲಸ ಬಿಟ್ಟರು. ಐದೇ ವರ್ಷದಲ್ಲಿ, 1923ರಲ್ಲಿ, ತೀರಿಕೊಂಡರು.

ಯುದ್ಧ ಮುಗಿಯಿತು. ಲಂಡನ್ನಿನ ಪೊಲೀಸರು ಯುದ್ಧದ ಕೊನೆಗೆ ಒಂದು ಮಹಿಳಾ ಗಸ್ತು ದಳವನ್ನು ತಮ್ಮದೇ ಆಗಿ ಕಟ್ಟಿಕೊಂಡಿದ್ದರು. ಆದರೆ ಅವರಿಗೆ ಬಂಧಿಸುವ ಅಧಿಕಾರ ಇರಲಿಲ್ಲ. 1922ರಲ್ಲಿ ಸರ್ಕಾರ ಖರ್ಚು ಕಡಿಮೆ ಮಾಡಲು ಹೊರಟಾಗ ಮೊದಲು ಕತ್ತರಿ ಬಿದ್ದದ್ದು ಇವರಿಗೆ. ನೂರಕ್ಕೂ ಹೆಚ್ಚಿದ್ದವರು ಇಪ್ಪತ್ತರ ಆಸುಪಾಸಿಗೆ ಇಳಿದರು. ಉಳಿದವರಿಗೆ 1923ರಲ್ಲಿ ಬಂಧಿಸುವ ಅಧಿಕಾರ ದೊರೆಯಿತು. 1939ರಲ್ಲಿ ಎರಡನೆಯ ಮಹಾಯುದ್ಧ ಬಂದಾಗ ಮತ್ತೆ ಹೆಂಗಸರ ನೆನಪಾಗಿ ಮಹಿಳಾ ಸಹಾಯಕ ಪೊಲೀಸ್ ದಳ ಹುಟ್ಟಿತು. ವಾಹನ ಓಡಿಸುವುದು, ದೂರವಾಣಿ ನೋಡಿಕೊಳ್ಳುವುದು, ಬೆರಳಚ್ಚು ಮಾಡುವುದು ಅವರ ಕೆಲಸವಾಯಿತು. 1946ರವರೆಗೆ ಮದುವೆಯಾದ ಹೆಣ್ಣು ಪೊಲೀಸ್ ಕೆಲಸದಲ್ಲಿ ಮುಂದುವರಿಯುವಂತಿರಲಿಲ್ಲ. ಬೇಕಾದಾಗ ಕರೆ, ಬೇಡವಾದಾಗ ಮನೆಗೆ ಎಂಬುದೇ ಒಟ್ಟು ನೀತಿ.

ಶಾಸನದಲ್ಲಿ ಇಲ್ಲದ ಹೆಸರು

ಇಂಗ್ಲೆಂಡಿನ ಮಾತು ಬಿಟ್ಟು ನಮ್ಮ ನೆಲಕ್ಕೆ ಬಂದರೆ ಕಾವಲು ಎಂಬ ಮಾತಿಗೆ ಕೋಟೆಗಿಂತ ಹತ್ತಿರದ ಸಾಕ್ಷಿ ಇನ್ನೊಂದಿಲ್ಲ. ಈಗ ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲ್ಲೂಕಿಗೆ ಸೇರಿರುವ ಉಚ್ಚಂಗಿದುರ್ಗ ಸಾಮಾನ್ಯ ಕೋಟೆಯಲ್ಲ. ನೊಳಂಬರಿಗೆ ಇದು ನೆಲೆಯಾಗಿತ್ತು. ಹತ್ತನೆಯ ಶತಮಾನದಲ್ಲಿ ಗಂಗರ ಮಾರಸಿಂಹ ನೊಳಂಬರನ್ನು ಸೋಲಿಸಿ ನೊಳಂಬಕುಲಾಂತಕ ಎನ್ನಿಸಿಕೊಂಡ. ಆಮೇಲೆ ಉಚ್ಚಂಗಿಯ ಪಾಂಡ್ಯರು ಇಲ್ಲಿಂದ ಆಳಿದರು. ಹೊಯ್ಸಳ ಇಮ್ಮಡಿ ಬಲ್ಲಾಳ 1177ರ ಸುಮಾರಿಗೆ ಪಾಂಡ್ಯರಿಂದ ಈ ಕೋಟೆಯನ್ನು ಗೆದ್ದು, ಗಿರಿದುರ್ಗಮಲ್ಲ, ಶನಿವಾರಸಿದ್ಧಿ ಎಂಬ ಬಿರುದುಗಳನ್ನು ಧರಿಸಿದ. ಕೋಟೆ ಬಿದ್ದದ್ದು ಶನಿವಾರವಾದ್ದರಿಂದ ಆ ಬಿರುದು.

ನೋಡಿ, ಕೋಟೆ ಗೆದ್ದ ವಾರ ಕೂಡ ಇತಿಹಾಸದಲ್ಲಿ ಉಳಿಯಿತು. ಆದರೆ ಕೋಟೆಯ ಬಾಗಿಲು ಕಾದವರ ಹೆಸರು ಉಳಿಯಲಿಲ್ಲ. ಬುರುಜಿನ ಮೇಲೆ ನಿಂತವನ ಹೆಸರೇ ಇಲ್ಲದ ಮೇಲೆ ಅವನಿಗೆ ಬುತ್ತಿ ತಂದುಕೊಟ್ಟ ಹೆಂಡತಿಯ ಹೆಸರು ಎಲ್ಲಿಂದ ಬರಬೇಕು? ರಾಜರ ಇತಿಹಾಸವನ್ನು ಕಲ್ಲು ಹೇಳುತ್ತದೆ, ಕಾವಲಿನವರ ಇತಿಹಾಸವನ್ನು ಜನರ ಬಾಯಿ ಹೇಳಬೇಕು.

ಜನರ ಬಾಯಲ್ಲಿ ಉಳಿದ ಅಂಥ ಒಂದು ಹೆಸರು ಉಚ್ಚಂಗೆಮ್ಮನ ಇನ್ನೊಂದು ದುರ್ಗದ್ದು. ಉಚ್ಚಂಗೆಮ್ಮ ಚಿತ್ರದುರ್ಗದ ನಾಯಕರಿಗೂ ಮನೆದೇವತೆ. ಆ ಊರಿನಲ್ಲೂ ಆಕೆಯ ಗುಡಿ ಇದೆ, ಉತ್ಸವಾಂಬೆ ಎಂದೂ ಕರೆಯುತ್ತಾರೆ. ಹದಿನೆಂಟನೆಯ ಶತಮಾನದಲ್ಲಿ ಹೈದರಾಲಿ ಚಿತ್ರದುರ್ಗವನ್ನು ಮತ್ತೆ ಮತ್ತೆ ಮುತ್ತಿದ. ಕೊನೆಗೆ 1779ರಲ್ಲಿ ಕೋಟೆ ಅವನ ವಶವಾಯಿತು. ಈ ಮುತ್ತಿಗೆಯ ಕಾಲದ ಹೆಣ್ಣು ಒನಕೆ ಓಬವ್ವ.

ಕತೆ ಎಲ್ಲರಿಗೂ ಗೊತ್ತಿದ್ದದ್ದೇ. ಆದರೂ ಪತ್ತೇದಾರಿ ಕಾದಂಬರಿಯ ಕಣ್ಣಿನಿಂದ ಇನ್ನೊಮ್ಮೆ ನೋಡಬಹುದು. ಕೋಟೆಯನ್ನು ಎದುರಿನಿಂದ ಗೆಲ್ಲಲಾರದ ಶತ್ರು ಒಳದಾರಿ ಹುಡುಕುತ್ತಿದ್ದಾನೆ. ಬಂಡೆಗಳ ನಡುವಿನ ಒಂದು ಸಣ್ಣ ಕಿಂಡಿಯಿಂದ ಹೆಂಗಸೊಬ್ಬಳು ಒಳಗೆ ಹೋಗುವುದು ಅವನ ಕಡೆಯವರ ಕಣ್ಣಿಗೆ ಬೀಳುತ್ತದೆ. ಅದೇ ಅವರಿಗೆ ಸಿಕ್ಕ ಸುಳಿವು. ಆ ಕಡೆಯ ಕಾವಲುಗಾರ ಕಹಳೆಯ ಮುದ್ದಹನುಮ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಿದ್ದಾನೆ. ಗಂಡನಿಗೆ ಊಟಕ್ಕೆ ಬಡಿಸಿದ ಓಬವ್ವ ನೀರು ತರಲು ಹೊಂಡದ ಕಡೆ ಹೊರಡುತ್ತಾಳೆ. ಕಿಂಡಿಯ ಕಡೆಯಿಂದ ಪಿಸುಮಾತು ಕೇಳಿಸುತ್ತದೆ.

ಇಲ್ಲಿಯೇ ಆಕೆಯ ಜಾಣತನ ಇರುವುದು. ದಿನಾ ನೀರು ತರುವ ದಾರಿಯಲ್ಲಿ ಯಾವ ಸದ್ದು ಇರಬೇಕು, ಯಾವುದು ಇರಬಾರದು ಎಂಬುದು ಆಕೆಗೆ ಗೊತ್ತು. ಊಟಕ್ಕೆ ಕುಳಿತ ಗಂಡನನ್ನು ಎಬ್ಬಿಸಲಿಲ್ಲ, ಕೂಗಾಡಲಿಲ್ಲ. ಮನೆಯಲ್ಲಿದ್ದ ಒನಕೆ ಹಿಡಿದು ಕಿಂಡಿಯ ಪಕ್ಕದಲ್ಲಿ ನಿಂತಳು. ಒಬ್ಬರು ಮಾತ್ರ, ಅದೂ ತೆವಳಿಕೊಂಡು ಬರಬಹುದಾದ ಜಾಗ. ತಲೆ ಹಾಕಿದವನ ತಲೆಗೆ ಹೊಡೆದು, ಹೆಣವನ್ನು ಪಕ್ಕಕ್ಕೆ ಎಳೆದು, ಮುಂದಿನವನಿಗೆ ಕಾದಳು. ಗಂಡ ಬಂದು ನೋಡಿ ಕಹಳೆ ಊದಿದಾಗ ಕೋಟೆ ಎಚ್ಚೆತ್ತಿತು. ಅದೇ ದಿನ ಓಬವ್ವ ಸತ್ತಳು. ಶತ್ರುವಿನ ಕೈಯಿಂದಲೇ, ಆಯಾಸ ಆಘಾತದಿಂದಲೇ ಎಂಬುದನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಕಿಂಡಿಯನ್ನು ಇಂದಿಗೂ ಚಿತ್ರದುರ್ಗದಲ್ಲಿ ನೋಡಬಹುದು.

ಓಬವ್ವ ಛಲವಾದಿ ಸಮುದಾಯದವಳು. ಕೋಟೆಯ ಕಾವಲು ಗಂಡನ ಹೆಸರಿನಲ್ಲಿತ್ತು, ಕೆಲಸ ಮಾತ್ರ ಮನೆಯವರೆಲ್ಲರದು. ಪಟ್ಟಿಯಲ್ಲಿ ಇಲ್ಲದವಳು ಪಾಳಿ ಮಾಡಿದಳು ಎಂಬುದೇ ಈ ಕತೆಯ ತಿರುಳು. ಈಡಿತ್ ಸ್ಮಿತ್ ಅವರಿಗಾದರೂ ಒಂದು ಪ್ರಮಾಣವಚನ ಸಿಕ್ಕಿತು, ಓಬವ್ವನಿಗೆ ಅದೂ ಇಲ್ಲ. ಆಕೆ ಕಾದಂಬರಿಗೆ, ಹರಿಕತೆಗೆ, ಸಿನಿಮಾಕ್ಕೆ ಬಂದಳು. ತ.ರಾ.ಸು. ಅವರು 'ಕಂಬನಿಯ ಕುಯಿಲು', 'ರಕ್ತರಾತ್ರಿ'ಗಳಿಂದ 'ದುರ್ಗಾಸ್ತಮಾನ'ದವರೆಗೆ ಚಿತ್ರದುರ್ಗದ ಅರಮನೆಯ ಒಳಸಂಚು, ಕೊಲೆ, ದ್ರೋಹಗಳನ್ನು ಉಸಿರು ಬಿಗಿಹಿಡಿದು ಓದುವಂತೆ ಬರೆದರು. ಐತಿಹಾಸಿಕ ಪತ್ತೇದಾರಿಯ ರುಚಿ ಕನ್ನಡಿಗರಿಗೆ ಹತ್ತಿದ್ದರೆ ಅದಕ್ಕೆ ಅವರ ಪಾಲೂ ಇದೆ. ಪುಟ್ಟಣ್ಣ ಕಣಗಾಲರ 'ನಾಗರಹಾವು' (1972) ಚಿತ್ರದಲ್ಲಿ ಜಯಂತಿ ಓಬವ್ವನಾಗಿ ಒನಕೆ ಎತ್ತಿದ ಮೇಲೆ ಅವಳ ಮುಖ ನಾಡಿಗೆಲ್ಲ ಪರಿಚಿತವಾಯಿತು. 2021ರಿಂದ ನವೆಂಬರ್ 11ರಂದು ರಾಜ್ಯ ಸರ್ಕಾರ ಓಬವ್ವ ಜಯಂತಿ ಆಚರಿಸುತ್ತಿದೆ.

ಹೆಣ್ಣಿಗೆ ಹೊಗಳಿಕೆಯ ಜೊತೆಗೆ ಹುದ್ದೆಯನ್ನೂ ಕೊಟ್ಟ ಉದಾಹರಣೆ ನಮ್ಮಲ್ಲಿ ಇರಲೇ ಇಲ್ಲವೇ ಎಂದು ಕೇಳಬಹುದು. ಇತ್ತು. ಶಿವಮೊಗ್ಗ ಜಿಲ್ಲೆಯ ಬಂದಳಿಕೆಯ 918ರ ಶಾಸನ ಜಕ್ಕಿಯಬ್ಬೆಯ ಮಾತು ಹೇಳುತ್ತದೆ. ರಾಷ್ಟ್ರಕೂಟರ ಕಾಲದಲ್ಲಿ ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡಾಗ ಆ ಹುದ್ದೆಯನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಡಲಾಯಿತು. ನಾಳ್ಗಾವುಂಡನೆಂದರೆ ನಾಡಿನ ಆಡಳಿತದ ಹೊಣೆ ಹೊತ್ತವನು. ಆಕೆ ಆ ಕೆಲಸವನ್ನು ಸಮರ್ಥವಾಗಿ ಮಾಡಿದಳೆಂದು ಶಾಸನ ಮೆಚ್ಚುತ್ತದೆ. ಕಾಯಿಲೆ ಬಂದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟಳು. ಇಂಗ್ಲೆಂಡಿನ ಗೃಹ ಇಲಾಖೆ ಹೆಣ್ಣು ಯೋಗ್ಯ ವ್ಯಕ್ತಿಯಲ್ಲ ಎನ್ನುವುದಕ್ಕೆ ಸಾವಿರ ವರ್ಷ ಮುಂಚಿನ ಮಾತು ಇದು. ಆದರೆ ಜಕ್ಕಿಯಬ್ಬೆ ಅಧಿಕಾರದ ಮನೆತನದವಳು, ಓಬವ್ವ ಕಾವಲುಗಾರನ ಮನೆಯವಳು. ಒಬ್ಬಳಿಗೆ ಶಾಸನ ಸಿಕ್ಕಿತು, ಇನ್ನೊಬ್ಬಳಿಗೆ ಸಿಕ್ಕಿದ್ದು ಹಾಡು.

ಮುಷ್ಕರಕ್ಕೊಂದು ದಳ, ದೇಶಕ್ಕೊಂದು ಠಾಣೆ

ಆಧುನಿಕ ಭಾರತದಲ್ಲಿ ಮಹಿಳಾ ಪೊಲೀಸರನ್ನು ಮೊದಲು ನೇಮಿಸಿಕೊಂಡದ್ದು ತಿರುವಾಂಕೂರು ಸಂಸ್ಥಾನ, 1933ರಲ್ಲಿ. 1939ರಲ್ಲಿ ಕಾನ್ಪುರದ ಗಿರಣಿ ಕಾರ್ಮಿಕರ ಮುಷ್ಕರದಲ್ಲಿ ಹೆಂಗಸರೂ ಬೀದಿಗಿಳಿದಾಗ ಅವರನ್ನು ತಡೆಯಲು ಹೆಣ್ಣು ಪೊಲೀಸರು ಬೇಕಾದರು. ಮುಷ್ಕರ ಮುಗಿದ ಮೇಲೆ ದಳವೂ ಮುಗಿಯಿತು. ಗ್ರಾಂಥಮ್ ಕತೆಯೇ ಗಂಗೆಯ ದಡದಲ್ಲಿ ನಡೆದಂತೆ ಆಯಿತು. 1947ರ ದೇಶ ವಿಭಜನೆಯಲ್ಲಿ ಲಕ್ಷಾಂತರ ಹೆಂಗಸರು, ಮಕ್ಕಳು ನಿರಾಶ್ರಿತರಾಗಿ ಬಂದರು. ಅಪಹರಣಕ್ಕೆ, ಅತ್ಯಾಚಾರಕ್ಕೆ ತುತ್ತಾದವರ ನೋವನ್ನು ಗಂಡಸು ಪೊಲೀಸರ ಮುಂದೆ ಹೇಳಿಕೊಳ್ಳುವುದು ಹೇಗೆ? 1948ರಲ್ಲಿ ದೆಹಲಿ, ಪಂಜಾಬುಗಳಲ್ಲಿ ಮಹಿಳೆಯರನ್ನು ಸೇರಿಸಿಕೊಳ್ಳಲು ಇದೂ ಕಾರಣ. ಇಲ್ಲಿಯೂ ಬಾಗಿಲು ತೆರೆದದ್ದು ಆಪತ್ತೇ.

ಆದರೆ ಈ ಸಲ ಬಾಗಿಲು ಪೂರ್ತಿ ಮುಚ್ಚಲಿಲ್ಲ. 1972ರಲ್ಲಿ ಕಿರಣ್ ಬೇಡಿ ಭಾರತೀಯ ಪೊಲೀಸ್ ಸೇವೆ ಸೇರಿದರು. 1973ರಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ದೇಶದ ಮೊದಲ ಮಹಿಳಾ ಪೊಲೀಸ್ ಠಾಣೆಯನ್ನು ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು. 1975ರ ತಂಡದ ಜೀಜಾ ಹರಿಸಿಂಗ್ ಕರ್ನಾಟಕದ ಮೊದಲ ಮಹಿಳಾ ಐ.ಪಿ.ಎಸ್. ಅಧಿಕಾರಿಯಾದರು. 2017ರಲ್ಲಿ ನೀಲಮಣಿ ಎನ್. ರಾಜು ರಾಜ್ಯದ ಪೊಲೀಸ್ ಮಹಾನಿರ್ದೇಶಕರಾಗಿ ಇಡೀ ಇಲಾಖೆಯ ಚುಕ್ಕಾಣಿ ಹಿಡಿದರು. ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ ಅವರು. ಚಿತ್ರದುರ್ಗದ ಪೊಲೀಸರು ಹೆಣ್ಣುಮಕ್ಕಳ ರಕ್ಷಣೆಗೆ ಕಟ್ಟಿದ ತಂಡಕ್ಕೆ 'ಓಬವ್ವ ಪಡೆ' ಎಂದೇ ಹೆಸರಿಟ್ಟರು. ಪಟ್ಟಿಯಲ್ಲಿ ಇಲ್ಲದಿದ್ದವಳ ಹೆಸರು ಕೊನೆಗೂ ಇಲಾಖೆಯ ಕಾಗದಕ್ಕೆ ಬಂತು.

ಮಹಿಳಾ ಪೊಲೀಸರು ಈಗ ಕಾನೂನಿನ ಅಗತ್ಯವೂ ಹೌದು. ಹೆಂಗಸಿನ ಮೈ ತಪಾಸಣೆಯನ್ನು ಹೆಂಗಸೇ ಮಾಡಬೇಕು. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಣ್ಣನ್ನು ಬಂಧಿಸುವಂತಿಲ್ಲ. ವಿಶೇಷ ಸಂದರ್ಭವಿದ್ದರೆ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಬಂಧಿಸಬೇಕು. ಎಂದಮೇಲೆ ಇದು ಯುದ್ಧಕ್ಕೆ ಕರೆದು ಶಾಂತಿಗೆ ಕಳುಹಿಸುವ ಕೆಲಸವಾಗಿ ಉಳಿದಿಲ್ಲ.

ಯಾರ ಮೇಲೆ ಕಾವಲು?

ಈಗ ಮತ್ತೆ ಉಚ್ಚಂಗಿದುರ್ಗದ ಜಾತ್ರೆಗೆ ಬರೋಣ. ಹರಪನಹಳ್ಳಿ ಸೀಮೆ 1953ರವರೆಗೆ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ಮದರಾಸು ಸರ್ಕಾರ 1947ರಲ್ಲೇ ಕಾನೂನು ಮಾಡಿ ನಿಷೇಧಿಸಿತು. ಕರ್ನಾಟಕ 1982ರಲ್ಲಿ ಇನ್ನೊಂದು ಕಾನೂನು ತಂದಿತು. ಅದರಂತೆ ಮುತ್ತು ಕಟ್ಟುವ ಕಾರ್ಯದಲ್ಲಿ ಪಾಲ್ಗೊಂಡವರಿಗೆ 3 ವರ್ಷದವರೆಗೆ, ಹೆತ್ತವರು, ಪೋಷಕರು, ಬಂಧುಗಳಾದರೆ 5 ವರ್ಷದವರೆಗೆ ಸೆರೆವಾಸ ಇತ್ತು. ಎರಡೆರಡು ಕಾನೂನು ಬಂದರೂ ಜಾತ್ರೆಯಲ್ಲಿ ಕಾವಲು ಹಾಕಬೇಕಾಗಿದೆ ಎಂದರೆ ಪದ್ಧತಿಯ ಬೇರು ಎಷ್ಟು ಆಳದಲ್ಲಿದೆ ಎಂದು ಊಹಿಸಬಹುದು. ಬಹಿರಂಗವಾಗಿ ನಡೆಯುತ್ತಿದ್ದದ್ದು ಗುಟ್ಟಾಗಿ ನಡೆಯತೊಡಗಿದರೆ ಪತ್ತೆ ಹಚ್ಚುವುದು ಇನ್ನೂ ಕಷ್ಟ. ಕೊರಳಲ್ಲಿ ಹೊಸ ಮುತ್ತಿನ ಸರ, ಕೈಯಲ್ಲಿ ಹಸಿರು ಬಳೆ, ಜೊತೆಯಲ್ಲಿ ಹೆದರಿದ ಮುಖದ ಹುಡುಗಿ ಕಂಡರೆ ಅದು ಹರಕೆಯೋ, ಅಪರಾಧವೋ? ಹೆಂಗಸರ ಗುಂಪಿನಲ್ಲಿ ಬೆರೆತು ಮಾತನಾಡಿಸಿ ತಿಳಿಯಬಲ್ಲವಳು ಹೆಂಗಸೇ.

ಇಲ್ಲಿಯೇ ಗ್ರಾಂಥಮ್ ಪಟ್ಟಣದ ಜಗಳ ನೆನಪಾಗಬೇಕು. ಸಮವಸ್ತ್ರ ತೊಟ್ಟ ಹೆಣ್ಣು ಇನ್ನೊಂದು ಹೆಣ್ಣಿಗೆ ಕಾವಲಾಗಬಹುದು, ಅಥವಾ ಇನ್ನೊಂದು ಹೆಣ್ಣಿನ ಮೇಲೆ ಕಾವಲಾಗಬಹುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ನೀನಾ ಬಾಯ್ಲ್ ಮತ್ತು ಡೇಮರ್ ಡಾಸನ್ ಬೇರೆಯಾದದ್ದು ಈ ಒಂದು ಅಂತರಕ್ಕಾಗಿ. ಜಾತ್ರೆಯಲ್ಲಿ ಹಳೆಯ ದೇವದಾಸಿಯನ್ನು ಕಂಡು ಗದರಿಸಿ ಅಟ್ಟುವುದು ಸುಲಭ. ಅವಳು ಅಪರಾಧಿಯಲ್ಲ, ಅಪರಾಧ ನಡೆದದ್ದು ಅವಳ ಮೇಲೆ. ಪುಟ್ಟ ಹುಡುಗಿಯೊಬ್ಬಳನ್ನು ಸಮಯಕ್ಕೆ ಗುರುತಿಸಿ, ಅವಳಿಗೆ ಮುತ್ತು ಕಟ್ಟಲು ಬಂದವರನ್ನು ಹಿಡಿಯುವುದು ಕಷ್ಟದ ಕೆಲಸ. ಕಾನೂನು ಕೇಳುವುದು ಆ ಕಷ್ಟದ ಕೆಲಸವನ್ನು.

ಇನ್ನೂ ಒಂದು ಮಾತಿದೆ. ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹುಡುಗಿಯರಲ್ಲಿ ಬಹುಪಾಲು ದಲಿತರ ಮನೆಯವರು. ಕೋಟೆಯನ್ನು ಒನಕೆಯಿಂದ ಕಾಯ್ದ ಓಬವ್ವ ಹುಟ್ಟಿದ್ದೂ ಅಂಥ ಮನೆಗಳಲ್ಲೇ. ಒಂದು ಮನೆಯ ಹೆಣ್ಣು ಅರಸನ ಕೋಟೆ ಕಾಯ್ದಳು. ಅಂಥದೇ ಮನೆಗಳ ಹೆಣ್ಣುಮಕ್ಕಳನ್ನು ಕಾಯಲು ಎರಡು ಕಾನೂನು ಬರುವವರೆಗೆ ಕಾಯಬೇಕಾಯಿತು. ಓಬವ್ವನಿಗೆ ಪ್ರತಿಮೆ, ಜಯಂತಿ, ಪಡೆ ಎಲ್ಲವೂ ಸಂದಿವೆ. ಆಕೆಯ ಋಣ ತೀರುವುದು ಮಾತ್ರ ಹುಣ್ಣಿಮೆಯ ರಾತ್ರಿ ಉಚ್ಚಂಗಿಯ ಗುಡ್ಡದಲ್ಲಿ ನಿಂತ ಒಬ್ಬ ಕಾನ್‌ಸ್ಟೆಬಲ್ ಹೆಣ್ಣುಮಗಳು ಒಂದು ಪಿಸುಮಾತು ಕೇಳಿಸಿಕೊಂಡು, ಆ ಕಡೆ ನಾಲ್ಕು ಹೆಜ್ಜೆ ಇಟ್ಟಾಗ.